ಟವೆಲಿನ ಕೆಳಗಿನ ಮರೂನ್

ಆ ವರ್ಷದ ಯುಗಾದಿಯ ದಿನ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಪ್ರತಿಜ್ಞೆ ಮಾಡಿ ಕೆಟ್ಟ ರಾಜರ ಪಟ್ಟಿ ಇಸವಿ ಸಮೇತ ಬಾಯಿಪಾಠ ಇದೆ. ಆದರೂ ಮಾಡಿದೆ. 'ಇನ್ನು ಹದಿನೈದು ದಿನದೊಳಗೆ ಮರೂನ್ ಬಣ್ಣದ, ಲೇಸು ಇರುವ ಬ್ರಾ ಒಂದನ್ನು ಕೊಂಡು ತೊಡದಿದ್ದರೆ ನನ್ನ ಹೆಸರು ನೀಲಾಂಬಿಕಾ ಅಲ್ಲ!'

ನಗುವವರು ನಗಲಿ, ಕಥೆ ಅರ್ಧ ಕೇಳಿ ನಗಬೇಡಿ. ಹಿಂದಿನ ಆಷಾಢದಲ್ಲಿ, ಅಂದರೆ ಎರಡು ಸಾವಿರದ ಐದರಲ್ಲಿ, ನನ್ನ ಎಡ ಸ್ತನಕ್ಕೆ ಕ್ಯಾನ್ಸರ್ ಬಂದಿತ್ತು. ಡಾಕ್ಟರುಗಳು ಅದನ್ನು ತೆಗೆದು, ಅದೇ ಟೇಬಲ್ಲಿನ ಮೇಲೆ, ನನ್ನದೇ ಹೊಟ್ಟೆಯಿಂದ ಚರ್ಮ ಕೊಬ್ಬು ಎಲ್ಲ ಎತ್ತಿ ಹೊಸದೊಂದನ್ನು ಕಟ್ಟಿ ನಿಲ್ಲಿಸಿದ್ದರು. ಹತ್ತು ಗಂಟೆ ಹಿಡಿಯಿತಂತೆ. ಹೊಯ್ಸಳರ ಶಿಲ್ಪಿಗಳು ಕೂಡ ಒಂದೇ ಮದನಿಕೆಯ ಮುಂದೆ ಒಂದೇ ಸಮನೆ ಅಷ್ಟು ಹೊತ್ತು ನಿಂತಿರಲಿಕ್ಕಿಲ್ಲ!

ಮನೆಗೆ ಕಳಿಸುವಾಗ ಡಾಕ್ಟರು ಒಂದು ಎಚ್ಚರಿಕೆ ಕೊಟ್ಟರು.

"ಮೇಡಂ, ತೂಕ ಹೆಚ್ಚಿಸ್ಕೋಬೇಡಿ. ನೀವು ದಪ್ಪ ಆದ್ರೆ ಇದೂ ದಪ್ಪ ಆಗುತ್ತೆ. ತಾನು ಹೊಟ್ಟೆ ಅನ್ನೋದು ಇದಕ್ಕಿನ್ನೂ ಮರೆತಿಲ್ಲ."

ನಮ್ಮತ್ತೆ ದಾನಮ್ಮನವರು ಗದಗಿನ ಕಡೆಯವರು, ಎಪ್ಪತ್ತಾರು ವರ್ಷ. ಈ ವಿಷಯ ಕೇಳಿ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ತೀರ್ಪು ಕೊಟ್ಟರು. "ಇಪ್ಪತ್ತು ವರ್ಷ ಹೋಳಿಗಿ ಮ್ಯಾಲೆ ನಾ ಸುರದ್ ತುಪ್ಪ ಖರೇನ ಉಪಯೋಗಕ್ಕ ಬಂತ್ ನೋಡವಾ!"

ಹೀಗೆ ಮೇಲೆ ಮೇಲೆ ನಗುತ್ತಿದ್ದೆವು. ಒಳಗಿನದನ್ನೂ ಹೇಳಿಬಿಡುತ್ತೇನೆ. ಎಂಟು ತಿಂಗಳು ನಾನು ಕನ್ನಡಿಯಲ್ಲಿ ಕುತ್ತಿಗೆಯಿಂದ ಕೆಳಗೆ ನೋಡಿಕೊಳ್ಳಲಿಲ್ಲ. ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡೇ ಬಟ್ಟೆ ಬದಲಿಸುತ್ತಿದ್ದೆ. ಒಳಗೆ ನನ್ನವರ ಹಳೆಯ ಬನಿಯನ್ನು, ಮೇಲೆ ಸಡಿಲ ರವಿಕೆ, ಅದರ ಮೇಲೆ ಎರಡೂ ಹೆಗಲು ಮುಚ್ಚುವ ಸೆರಗು. ನನ್ನವರು, ಶಿವಯೋಗಿ, ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವವರು. ಸಭೆಯಲ್ಲಿ ಮೈಕಿಗಿಂತ ಜೋರು, ಮನೆಯಲ್ಲಿ ಮೌನಿಬಾಬಾ. ಒಂದು ದಿನವೂ "ಹೇಗಿದೆ, ತೋರಿಸು" ಎಂದು ಅವರು ಕೇಳಲಿಲ್ಲ. ಕೇಳಲಿಲ್ಲ ಎಂದರೆ ನೋಡಲು ಮನಸ್ಸಿಲ್ಲ ಎಂದೇ ಅರ್ಥ ಎಂದು ನಾನು ತೀರ್ಮಾನಿಸಿಬಿಟ್ಟೆ. ಕ್ಯಾನ್ಸರಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಎರಡು ಕಣ್ಣುಗಳಿಗೆ ಹೆದರಿದ್ದೆ. ಅದಕ್ಕೇ ಈ ಪ್ರತಿಜ್ಞೆ. ಒಂದು ಒಳ್ಳೆಯದನ್ನು ತೊಟ್ಟುಕೊಂಡು, ನನಗೆ ನಾನು ಚೆನ್ನಾಗಿ ಕಂಡ ಮೇಲೆ, ಅವರ ಎದುರು ನಿಲ್ಲಬೇಕು ಎಂಬುದು ನನ್ನ ಯುದ್ಧತಂತ್ರ.

ದಂಡಯಾತ್ರೆ ವಿಜಯನಗರದ ಒಂದು ಹೊಸೈರಿ ಅಂಗಡಿಯಿಂದ ಶುರುವಾಯಿತು. ನನ್ನವರು ಎಲ್ಲ ಮರ್ಯಾದಸ್ಥ ಗಂಡಂದಿರಂತೆ ಹೊರಗೆ ಸ್ಕೂಟರಿನ ಮೇಲೆ, ಅಂಗಡಿಗೆ ಬೆನ್ನು ಮಾಡಿ, ಹೆಲ್ಮೆಟ್ಟು ಕೂಡ ತೆಗೆಯದೆ ಕುಳಿತರು. ಏನು ಕೊಳ್ಳಲು ಹೋಗುತ್ತಿದ್ದೇನೆ ಎಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಕೌಂಟರಿನಲ್ಲಿದ್ದವರೆಲ್ಲ ಗಂಡಸರು.

"ಸೈಜ್ ಹೇಳಿ ಆಂಟಿ."

"ಮೂವತ್ತಾರು," ಎಂದು ಉಸುರಿದೆ.

"ಆಂ?"

"ಮೂವತ್ತಾರು!"

"ಈರಪ್ಪಾ! ಆಂಟಿಗೆ ಮೂವತ್ತಾರು ಇಳ್ಸು!"

ಅಟ್ಟದ ಮೇಲಿನಿಂದ ಈರಪ್ಪನ ದನಿ ಆಕಾಶವಾಣಿಯಂತೆ ಬಂತು. "ಬಿಳೀದಾ, ಸ್ಕಿನ್ ಕಲರಾ?"

"ಮರೂನ್," ಎಂದೆ.

ಅಟ್ಟದಿಂದ ನರೆತ ಮೀಸೆಯ ತಲೆಯೊಂದು ಕೆಳಗೆ ಇಣುಕಿ ನನ್ನನ್ನು ನೋಡಿತು. "ಮಗಳಿಗಾ ಆಂಟಿ?"

"ಅಲ್ಲಪ್ಪಾ, ನನಗೇ!"

ಕೌಂಟರಿನ ಇಬ್ಬರು ಗಂಡಸರಿಗೂ ಆ ಕ್ಷಣದಲ್ಲಿ ಸೀಲಿಂಗ್ ಫ್ಯಾನಿನ ಮೇಲೆ ಅಪಾರ ಆಸಕ್ತಿ ಹುಟ್ಟಿತು. ಹಾಕಿ ನೋಡಲು ಜಾಗವಿಲ್ಲ, ತಂದದ್ದನ್ನು ವಾಪಸು ಕೊಡುವ ಹಾಗಿಲ್ಲ. ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರು ಹಾಕಿ, ಬಾಂಬು ದಾಟಿಸುವಂತೆ ನನ್ನ ಕೈಗೆ ದಾಟಿಸಿದರು.

ಮನೆಯ ಬಚ್ಚಲಿನಲ್ಲಿ ತೊಟ್ಟು ನೋಡಿದರೆ ಅನಾಹುತ! ನನ್ನ ಎಡದ್ದಕ್ಕೆ ಎಂಟು ತಿಂಗಳು ವಯಸ್ಸು, ಬಲದ್ದಕ್ಕೆ ನಲವತ್ತೇಳು ವರ್ಷ. ಎಡದ್ದು ಹೊಸದಾಗಿ ಸೇರಿದ ಮೇಷ್ಟರಂತೆ ಸೆಟೆದು ನಿಂತಿದೆ, ಬಲದ್ದು ಪೆನ್ಷನ್ನಿಗೆ ಕಾಗದ ಹಾಕಿ ಕೂತಿದೆ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವುದು ಹೇಗೆ? ಸಾಲದ್ದಕ್ಕೆ ಕೆಳಗಿನ ತಂತಿ ಗಾಯದ ಗೆರೆಗೆ ಒತ್ತುತ್ತದೆ. ಮಾಗಡಿ ರಸ್ತೆ ಆಯಿತು, ರಾಜಾಜಿನಗರ ಆಯಿತು, ಹೋದಲ್ಲೆಲ್ಲ ಇದೇ ಹಾಡು. ಹದಿಮೂರನೆಯ ದಿನ ನನ್ನ ಹೆಸರು ಬದಲಿಸಿಕೊಳ್ಳಲು ಗೆಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕಾದೀತು ಎಂಬ ಹಂತ ಮುಟ್ಟಿದೆ.

ಹದಿನಾಲ್ಕನೆಯ ದಿನ ಬಸವೇಶ್ವರನಗರದಲ್ಲಿ ಸೀತಾ ಸಿಕ್ಕಳು. ಹೊಲಿಗೆ ಅಂಗಡಿ, ಹಿಂದೆ ಹೂವಿನ ಪರದೆ ಕಟ್ಟಿದ ಸಣ್ಣ ಜಾಗ, ಅಲ್ಲೊಂದು ಉದ್ದನೆಯ ಕನ್ನಡಿ. ನಾನು ತೊದಲುತ್ತಾ ವಿಷಯ ಹೇಳಿದೆ. ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು, ಟೇಪು ಹಿಡಿದು, ರವಿಕೆಗೆ ಅಳತೆ ತೆಗೆಯುವಷ್ಟೇ ಸಹಜವಾಗಿ ಅಳೆದಳು.

"ಎರಡೂ ಒಂದೇ ಥರ ಇಲ್ಲಮ್ಮಾ," ಎಂದು ನಾನು ಅಪರಾಧ ಒಪ್ಪಿಕೊಂಡೆ.

"ಯಾರಿಗಿರುತ್ತೆ ಮೇಡಂ? ಹದಿನೆಂಟು ವರ್ಷದಿಂದ ಅಳತೆ ತೆಗೀತಾ ಇದೀನಿ, ಎರಡೂ ಒಂದೇ ಸಮ ಇರೋ ಹೆಂಗಸ್ನ ಇನ್ನೂ ನೋಡಿಲ್ಲ. ನಿಮ್ದಕ್ಕಾದ್ರೂ ಒಂದು ಕಾರಣ ಇದೆ."

ನಾನು ಜೊತೆಗೆ ಒಯ್ದಿದ್ದ ಮರೂನ್ ಬ್ರಾದ ಎಡಗಡೆಯ ತಂತಿ ಬಿಚ್ಚಿದಳು. ಬಲಗಡೆ ಒಳಗೆ ಒಂದು ಪುಟ್ಟ ಜೇಬು ಹೊಲಿದು ಹತ್ತಿಯ ಮೆತ್ತೆ ಇಟ್ಟು ಅದನ್ನೆತ್ತಿ ನಿಲ್ಲಿಸಿದಳು. "ಹಸಿರು ದಾರಾನೇ ಮೆಷಿನ್ನಲ್ಲಿ ಇರೋದು ಮೇಡಂ, ಅದ್ರಲ್ಲೇ ಹೊಲ್ದಿದೀನಿ. ಒಳಗಡೆ ಅಲ್ವಾ, ಯಾರ್ ನೋಡ್ತಾರೆ?" ಎಂದಳು. ಆಮೇಲೆ ಪರದೆ ಎಳೆದು ಹೊರಗೆ ಹೋದಳು.

ಎಂಟು ತಿಂಗಳ ಮೇಲೆ ನನ್ನನ್ನು ನಾನು ನೋಡಿಕೊಂಡೆ. ಮರೂನ್ ಬಣ್ಣ ಗೋಧಿ ಮೈಗೆ ಒಪ್ಪಿತ್ತು. ಲೇಸು ಗಾಯದ ಗೆರೆಯ ಮೇಲೆ ಹಗುರವಾಗಿ ಕುಳಿತಿತ್ತು. ಇದು ನನ್ನದೇ ಮೈ, ನನ್ನನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂದು ಅನ್ನಿಸಿತು. ಖುಷಿಯಾಯಿತು, ತುಂಬಾ ಖುಷಿಯಾಯಿತು. ಅಲ್ಲಿಂದ ನೇರ ಹೋಟೆಲಿಗೆ ಹೋಗಿ, ಡಾಕ್ಟರ ಎಚ್ಚರಿಕೆಯನ್ನು ಗಾಳಿಗೆ ತೂರಿ, ಒಂದು ಮಸಾಲೆ ದೋಸೆ ತಿಂದೆ.

ಮಾರನೆಯ ದಿನದಿಂದ ಶಾಲೆಯಲ್ಲಿ ನನ್ನ ನಡಿಗೆಯೇ ಬದಲಾಯಿತು. ಪರೀಕ್ಷೆಯ ಮೇಲ್ವಿಚಾರಣೆಗೆ ಪಟ್ಟದಾನೆಯಂತೆ ಹೋಗುತ್ತಿದ್ದೆ. ಆದರೆ ನನ್ನವರಿಗೆ ತೋರಿಸುವ ಮುಹೂರ್ತ ಮಾತ್ರ ಕೂಡಿಬರಲಿಲ್ಲ. ಸೋಮವಾರ ಬೇಡ ಅನ್ನಿಸಿತು, ಗುರುವಾರ ಧೈರ್ಯ ಸಾಲಲಿಲ್ಲ. ಹೀಗೇ ಮೂರು ವಾರ ಕಳೆಯಿತು.

ಈಗ ಒಗೆದು ಒಣಗಿಸುವ ಅಧ್ಯಾಯಕ್ಕೆ ಬರೋಣ. ನಾವಿರುವುದು ಮಾರೇನಹಳ್ಳಿಯಲ್ಲಿ, ಮುನಿಯಣ್ಣನವರ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ. ಎಲ್ಲ ಮನೆಗಳಿಗೂ ಒಂದೇ ತಾರಸಿ. ಅಲ್ಲಿ ಗಂಡಸರ ಬನಿಯನ್ನು ಚಡ್ಡಿಗಳು ತೂತುಗಳ ಸಮೇತ ರಾಜಾರೋಷವಾಗಿ ಬಿಸಿಲು ಕಾಯುತ್ತವೆ. ಹೆಂಗಸರ ಒಳ ಉಡುಪು ಮಾತ್ರ ನೀರಿನ ಟ್ಯಾಂಕಿನ ಹಿಂದಿನ ತಂತಿಯಲ್ಲಿ, ಒಂದು ಟವೆಲಿನ ಕೆಳಗೆ, ಭೂಗತವಾಗಿ ಒಣಗಬೇಕು. ಈ ಕಾನೂನು ಯಾರು ಬರೆದರೋ ಗೊತ್ತಿಲ್ಲ, ಆದರೆ ಇಡೀ ಪಶ್ಚಿಮ ಬೆಂಗಳೂರಿನ ತಾರಸಿಗಳು ಇದನ್ನು ಸಂವಿಧಾನಕ್ಕಿಂತ ನಿಷ್ಠೆಯಿಂದ ಪಾಲಿಸುತ್ತವೆ.

ಸಮಸ್ಯೆ ಎಂದರೆ ಗಾಳಿ. ಟವೆಲು ಹಾರಿದರೆ ಒಳಗಿನದು ಬಯಲು. ಕ್ಲಿಪ್ಪು ಹಾಕಿದರೆ ಲೇಸು ಕೆಡುತ್ತದೆ. ನಾನು ತಲೆ ಓಡಿಸಿ ಒಂದು ಮಹಾನ್ ಆವಿಷ್ಕಾರ ಮಾಡಿದೆ! ಮರೂನ್ ಮಹಾರಾಣಿಯನ್ನು ತಂತಿಯ ಮೇಲೆ ಇಳಿಬಿಟ್ಟು, ಮೇಲೆ ನನ್ನವರ ದಪ್ಪ ಟರ್ಕಿ ಟವೆಲು ಹೊದಿಸಿ, ಬ್ರಾದ ಕೊಕ್ಕೆಗಳನ್ನೇ ಟವೆಲಿನ ಎಳೆಗಳಿಗೆ ಸಿಕ್ಕಿಸಿಬಿಡುವುದು. ಗಾಳಿಯಪ್ಪ ಬಂದರೂ ಅಲುಗಾಡುವುದಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ತಾರಸಿಯಿಂದ ಇಳಿದೆ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುನಿಯಣ್ಣನವರ ಪೋರ್ಟಿಕೋದಲ್ಲಿ ನೀರಿನ ಸಭೆ. ಬೇಸಿಗೆ, ಕಾವೇರಿ ದಿನ ಬಿಟ್ಟು ದಿನ ಬರುತ್ತಿತ್ತು, ಸಂಪಿನ ಮೋಟರು ಯಾರು ಎಷ್ಟು ಹೊತ್ತು ಹಾಕಬೇಕು ಎಂಬ ಮಹಾಯುದ್ಧ. ಅಕ್ಕಪಕ್ಕದ ಬಿಲ್ಡಿಂಗಿನವರೂ ಸೇರಿ ಇಪ್ಪತ್ತು ಜನ. ನಮ್ಮ ಬಿಲ್ಡಿಂಗಿನ ವಕ್ತಾರರು ನನ್ನವರೇ. ಸ್ನಾನ ಮುಗಿಸಿ, ಪಂಚೆ ಬನಿಯನ್ನು ತೊಟ್ಟು, ತಾರಸಿಗೆ ಹೋಗಿ ಟವೆಲನ್ನು ಸರ್ರನೆ ಸೆಳೆದು ಹೆಗಲಿಗೆ ಹಾಕಿಕೊಂಡು ನೇರ ಸಭೆಗೆ ಇಳಿದಿದ್ದರು. ಹಿಂದೆ ತಿರುಗಿ ನೋಡುವ ಅಭ್ಯಾಸ ಅವರಿಗೆ ಯಾವತ್ತೂ ಇಲ್ಲ.

ನಾನು ಟೀ ತಟ್ಟೆ ಹಿಡಿದು ಮೆಟ್ಟಿಲು ಇಳಿಯುತ್ತೇನೆ, ನೋಡುತ್ತೇನೆ, ನನ್ನವರ ಬೆನ್ನ ಮೇಲೆ ಮರೂನ್ ಮಹಾರಾಣಿ ಎರಡು ಕೊಕ್ಕೆಗಳ ಆಧಾರದಲ್ಲಿ ತೂಗಾಡುತ್ತಿದ್ದಾಳೆ! ನನ್ನವರಿಗೆ ಮಾತಿನ ಭರದಲ್ಲಿ ಟವೆಲನ್ನು ತೆಗೆದು ಝಾಡಿಸಿ ಇನ್ನೊಂದು ಹೆಗಲಿಗೆ ಹಾಕುವ ಚಾಳಿ. "ಅನ್ಯಾಯ!" ಎಂದರೆ ಬಲ ಹೆಗಲು, "ಇದನ್ನ ನಾವು ಸಹಿಸಲ್ಲ!" ಎಂದರೆ ಎಡ ಹೆಗಲು. ಪ್ರತಿ ವಾಕ್ಯಕ್ಕೂ ಮಹಾರಾಣಿ ವಿಜಯಧ್ವಜದಂತೆ ಗಾಳಿಯಲ್ಲಿ ಒಂದು ಸುತ್ತು ಹೊಡೆದು ಬರುತ್ತಿದ್ದಳು.

ನಾನು ಮೆಟ್ಟಿಲಿನಿಂದಲೇ ಕಣ್ಣು ಬಿಟ್ಟೆ, ತಲೆ ಆಡಿಸಿದೆ, ಕೊನೆಗೆ ನನ್ನ ಹೆಗಲನ್ನು ನಾನೇ ತಟ್ಟಿ ತೋರಿಸಿದೆ. ಅವರು ಅದನ್ನು ಶಹಬ್ಬಾಸ್ ಎಂದು ತಿಳಿದು ಎದೆ ಉಬ್ಬಿಸಿ ದನಿ ಏರಿಸಿದರು!

ಕುರ್ಚಿಯಲ್ಲಿ ಕುಳಿತಿದ್ದ ನಮ್ಮತ್ತೆ ಕಣ್ಣು ಕಿರಿದು ಮಾಡಿದರು. "ಏ ಶಿವ್ಯಾ, ನಿನ್ನ ಬೆನ್ನಾಗ ಬಾವಲಿ ಜೋತ ಬಿದ್ದೈತೋ!"

ಮುನಿಯಣ್ಣನವರು ಎದ್ದು ಬಂದು, ಕೈಯಲ್ಲಿದ್ದ ಪೆನ್ನಿನ ತುದಿಯಿಂದ ಆ ಬಾವಲಿಯನ್ನು ಬಿಡಿಸಿ ಎತ್ತಿ ಹಿಡಿದರು. "ಸಾರ್... ಇದೇನ್ ಸಾರ್ ಇದು?"

ನನ್ನವರು ತಿರುಗಿ ನೋಡಿದರು. ಮುಖ ಕೆಂಪಾಯಿತು. ಆ ಅಮಾಯಕ ಜೀವಿ ಇಪ್ಪತ್ತು ಜನರ ಮುಂದೆ ಎದೆ ತಟ್ಟಿ ಹೇಳಿತು. "ಇದು ನಮ್ಮನೇದಲ್ಲ! ನಮ್ಮನೇಲಿ ಇಂಥದ್ದು ಹಾಕೋರೇ ಇಲ್ಲ ಸಾರ್!"

ಆ ಮಾತು ನನಗೆ ಸರಿಯಾಗಿ ನಾಟಿತು. ಮೊದಲನೆಯ ಮಹಡಿಯ ಜಗದಾಂಬಾ ಯಾರೂ ಕೇಳದಿದ್ದರೂ "ನಮ್ದಂತೂ ಅಲ್ಲಪ್ಪಾ" ಎಂದಳು. ಎಲ್ಲರ ಕತ್ತು ಒಟ್ಟಿಗೆ ಒಂದು ಕಡೆ ತಿರುಗಿತು. ಅಲ್ಲಿ ಗೋಡೆಗೊರಗಿ ವಚನಾ ನಿಂತಿದ್ದಳು, ತಾರಸಿ ರೂಮಿನ ಹುಡುಗಿ, ಇಪ್ಪತ್ಮೂರು ವರ್ಷ, ಕಾಲ್ ಸೆಂಟರಿನಲ್ಲಿ ಕೆಲಸ, ಜೀನ್ಸ್ ಪ್ಯಾಂಟು. ಇನ್ನು ಸಾಕ್ಷಿ ಯಾಕೆ ಬೇಕು!

"ನೋಡಮ್ಮಾ," ಎಂದರು ಮುನಿಯಣ್ಣ. "ರೂಮ್ ಕೊಡೋವಾಗ್ಲೇ ಹೇಳಿದ್ದೆ, ಇದು ಫ್ಯಾಮಿಲಿ ಇರೋ ಬಿಲ್ಡಿಂಗು ಅಂತ. ಹಿಂಗೆಲ್ಲ ಒಣಗ್ಹಾಕೋದಾದ್ರೆ ಬೇರೆ ಕಡೆ ರೂಮ್ ನೋಡ್ಕೋ."

"ಅಂಕಲ್, ಅದು ನಂದಲ್ಲ!" ವಚನಾಳ ಕಣ್ಣಲ್ಲಿ ನೀರು ಬಂದಿತ್ತು.

"ನಿಂದಲ್ದೆ ಇನ್ಯಾರ್ದಮ್ಮಾ? ಈ ಅಜ್ಜಿದಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಯನ್ನಾದರೂ ತಮಾಷೆಗೆ ಲೆಕ್ಕಕ್ಕೆ ತೆಗೆದುಕೊಂಡರು. ತಟ್ಟೆ ಹಿಡಿದು ನಡುವೆ ನಿಂತಿದ್ದ ನನ್ನ ಕಡೆ ಒಬ್ಬರೂ ಅನುಮಾನಕ್ಕೆ ಕೂಡ ನೋಡಲಿಲ್ಲ! ನನಗೆ ಒಮ್ಮೆಗೇ ಸಿಟ್ಟು ಬಂತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಹುಡುಗಿಯ ರೂಮು ಹೋಗುತ್ತಿತ್ತು. ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟೆ.

"ಅದು ನನ್ನದು."

ಯಾರೂ ನಂಬಲಿಲ್ಲ!

"ಬಿಡಿ ಮಿಸ್," ಎಂದಳು ಜಗದಾಂಬಾ, ಕರುಣೆ ಉಕ್ಕಿಸುತ್ತಾ. "ಹುಡ್ಗೀನ ಕಾಪಾಡೋಕೆ ನೀವ್ಯಾಕೆ ಸುಳ್ಳು ಹೇಳ್ತೀರಾ? ಪಾಪ, ನಿಮಗೆ ಅಂಥಾ ಆಪರೇಷನ್ ಆಗಿದೆ. ನಿಮಗ್ಯಾಕೆ ಇದೆಲ್ಲ?"

ಎಂಟು ತಿಂಗಳು ನನಗೆ ನಾನೇ ಹೇಳಿಕೊಂಡ ಮಾತು ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ಕೆಟ್ಟದಾಗಿತ್ತು! ಇಪ್ಪತ್ತೆರಡು ವರ್ಷ ಹಿಂದಿನ ಬೆಂಚಿಗೆ ಪಾಠ ಮುಟ್ಟಿಸಿದ ಗಂಟಲು ತಾನಾಗಿ ತೆರೆದುಕೊಂಡಿತು.

"ಮುನಿಯಣ್ಣನೋರೇ, ಬಲಗಡೆ ಒಳಗೆ ತಿರುಗಿಸಿ ನೋಡಿ. ಹಸಿರು ದಾರದಲ್ಲಿ ಹೊಲಿದ ಜೇಬಿದೆ. ಎಡಗಡೆ ತಂತಿ ಇಲ್ಲ. ಇದೆಯೋ ಇಲ್ವೋ?"

ಮುನಿಯಣ್ಣನವರು ಪೆನ್ನಿನ ತುದಿಯಲ್ಲಿ ತಿರುಗಿಸಿದರು. "ಇದೆ ಮೇಡಂ," ಎಂದರು, ಕ್ಷೀಣ ದನಿಯಲ್ಲಿ.

"ನನ್ನ ಅಳತೆಗೆ ಹೊಲಿಸಿದ್ದು ಅದು. ಕ್ಯಾನ್ಸರ್ ಬಂತು, ಒಂದು ಹೋಯ್ತು. ನನ್ನ ಹೊಟ್ಟೆಯಿಂದಲೇ ಇನ್ನೊಂದು ಮಾಡಿ ಇಟ್ಟಿದಾರೆ. ಚೆನ್ನಾಗಿದೆ! ಅದಕ್ಕೊಂದು ಚೆನ್ನಾಗಿರೋದು ಹಾಕೋಬೇಕು ಅನ್ನಿಸ್ತು, ಹದಿನಾಲ್ಕು ದಿನ ಅಲೆದು ತಂದೆ. ಇನ್ನೇನಾದ್ರೂ ಪ್ರಶ್ನೆ ಇದೆಯಾ?"

ಮುನಿಯಣ್ಣನವರು "ತಪ್ಪಾಯ್ತಮ್ಮಾ ವಚನಾ" ಎಂದರು. ಪೆನ್ನಿನ ತುದಿಯಲ್ಲಿದ್ದುದನ್ನು ಇಡುವುದೆಲ್ಲಿ ಎಂದು ತಿಳಿಯದೆ ಅವರು ಒದ್ದಾಡುತ್ತಿದ್ದಾಗ ನಮ್ಮತ್ತೆ ಎದ್ದು ಕೈ ಚಾಚಿದರು.

"ಇತ್ಲಾಗ ಕೊಡ್ರಿ. ನನ್ನ ಸೊಸಿ ಬಾಡಿ ಐತಿ ಅದು. ಕಂಡಕಂಡವ್ರು ಮುಟ್ಟಬ್ಯಾಡ್ರಿ."

ವಚನಾ ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಜಗದಾಂಬಾ ಮೆಟ್ಟಿಲಿನವರೆಗೂ ಹಿಂದೆಯೇ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. "ಮಿಸ್, ಹೊಟ್ಟೆಯಿಂದ ತೆಗ್ದು ಇಟ್ರು ಅಂದ್ರಲ್ಲ, ಬೇರೆಯವ್ರ ಹೊಟ್ಟೆಯಿಂದ ತಗೊಳಲ್ವಾ? ನಂದು ಬೇಕಾದಷ್ಟಿದೆ, ಯಾರಿಗ್ ಬೇಕಾದ್ರೂ ಕೊಡ್ತೀನಿ."

ನಾನು ಗೆದ್ದ ರಾಣಿಯಂತೆ ಮೆಟ್ಟಿಲು ಹತ್ತಿದೆ. ಹಿಂದೆ ನನ್ನವರು. ಅತ್ತೆ ಮಹಾರಾಣಿಯನ್ನು ನನ್ನ ಕೈಗೆ ಕೊಟ್ಟು, ಬೇಕೆಂದೇ ಜಗದಾಂಬಾಳ ಮನೆಯಲ್ಲಿ ಕುಳಿತುಬಿಟ್ಟರು. ಒಳಗೆ ಬಂದು ಬಾಗಿಲು ಹಾಕಿದೆ. ನನ್ನವರು ಮಂಚದ ಮೇಲೆ ಕುಳಿತು ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಇಡೀ ಕ್ರಾಸಿಗೆ ಗೊತ್ತಾದ್ಮೇಲೆ ನನಗೆ ಗೊತ್ತಾಯ್ತು," ಎಂದರು.

"ನೀವು ಕೇಳಲೇ ಇಲ್ವಲ್ಲ!"

"ನೀನು ಚಿಲಕ ಹಾಕ್ಕೋತಿದ್ದೆ. ನೋವಿರುತ್ತೆ, ಕೇಳಬಾರ್ದು ಅಂತ ಸುಮ್ನಿದ್ದೆ."

"ನಿಮಗೆ ನೋಡೋಕೆ ಮನಸ್ಸಿಲ್ಲ ಅಂದ್ಕೊಂಡಿದ್ದೆ ನಾನು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ಮುಖದಲ್ಲಿ ಅಷ್ಟು ಆಶ್ಚರ್ಯವನ್ನು ಮದುವೆಯಾದ ಮೇಲೆ ನಾನು ನೋಡಿರಲಿಲ್ಲ. "ಒಂಬತ್ತು ತಿಂಗಳಿಂದಾನಾ?" ಎಂದರು. ಆಮೇಲೆ, "ಹಾಕ್ಕೊಂಡು ಬಾ," ಎಂದರು.

ಬಚ್ಚಲಿಗೆ ಹೋದೆ. ಚಿಲಕ ಹಾಕಲಿಲ್ಲ. ಈಚೆ ಬರುವ ಮೊದಲು ಹೇಳಬೇಕಾದ ಪಾಠವನ್ನೆಲ್ಲ ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ: ಗಾಯದ ಗೆರೆ ಇನ್ನೂ ಮಾಸಬೇಕು, ಎಡದ್ದು ಒಂದು ಬೆರಳು ಮೇಲಿದೆ, ಆಕಾರದಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ಅಲ್ಲಿ ಮುಟ್ಟಿದರೆ ನನಗೆ ತಿಳಿಯುವುದಿಲ್ಲ, ನೋಡಿ ಹೆದರಬಾರದು, ಹೀಗೆ ಐದು ಮುಖ್ಯಾಂಶಗಳು. ಸೆರಗು ಬಿಟ್ಟು, ಕಿಟಕಿಯ ಬಿಸಿಲಿಗೆ ಎದುರಾಗಿ, ಉಸಿರು ಬಿಗಿಹಿಡಿದು ಅವರ ಮುಂದೆ ನಿಂತೆ.

ಅವರು ನೋಡಿದರು. ನಿಧಾನವಾಗಿ, ಪೂರ್ತಿಯಾಗಿ ನೋಡಿದರು.

"ಚೆನ್ನಾಗಿದೆ."

"ಏನು ಚೆನ್ನಾಗಿದೆ?"

"ಬಣ್ಣ."

ನನಗೆ ರೇಗಿಹೋಯಿತು. ಒಂಬತ್ತು ತಿಂಗಳ ಭಯ, ಹದಿನಾಲ್ಕು ದಿನದ ದಂಡಯಾತ್ರೆ, ಇಪ್ಪತ್ತು ಜನರ ಮುಂದೆ ಮಾನ ಮರ್ಯಾದೆ ಪಣಕ್ಕಿಟ್ಟ ಭಾಷಣ, ಇಷ್ಟೆಲ್ಲ ಆದ ಮೇಲೆ ಈ ಮನುಷ್ಯನಿಗೆ ಕಂಡದ್ದು ಬಣ್ಣ!

"ಬಣ್ಣ ಹಾಳಾಗ್ಲಿ! ಎಡದ್ದು ನೋಡ್ರೀ, ಎಡದ್ದು! ನೋಡಿ ಹೇಳಿ!"

ಅವರು ಗಾಬರಿಯಿಂದ ಎದ್ದು ಹತ್ತಿರ ಬಂದರು. ಬಗ್ಗಿ ಎಡದ್ದು ನೋಡಿದರು, ಬಲದ್ದು ನೋಡಿದರು, ಮತ್ತೆ ಎಡದ್ದು ನೋಡಿದರು. ಆಮೇಲೆ ಚಿಂತೆಯಿಂದ ನನ್ನ ಮುಖ ನೋಡಿದರು.

"ಯಾಕೆ ನೀಲಾ? ಎಡದ್ದಕ್ಕೆ ಏನಾಯ್ತು?"